ಒಂದೇ ಕೋಣೆ, ನಾಲ್ಕು ಕ್ಲಾಸು
ಊರಿಗೆ ಹೋದಾಗ ಸುಮ್ನೆ ಹಳೇ ಶಾಲೆ ಕಡೆ ನಡೆದೆ. ಹೆಂಚು ಅರ್ಧ ಜಾರಿದೆ, ಬಾಗಿಲಿಗೆ ಬೀಗ. ಗಂಟೆ ಅಂತ ನೇತು ಹಾಕಿದ್ದ ರೈಲು ಕಂಬಿ ತುಂಡು ಮಾತ್ರ ಹಾಗೇ ಇದೆ, ಒಂದು ಕಲ್ಲು ತಗೊಂಡು ಬಾರಿಸಿಯೇ ಬಿಟ್ಟೆ.

ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಒಂದರಿಂದ ನಾಲ್ಕನೇ ಕ್ಲಾಸು. ಒಂದು ಮೂಲೇಲಿ ಅಆಇಈ ತಿದ್ದೋರು, ಇನ್ನೊಂದು ಮೂಲೇಲಿ ಮಗ್ಗಿ ಒದರೋರು, ಹಾಗಾಗಿ ಎರಡನೇ ಕ್ಲಾಸಿನಲ್ಲಿದ್ದಾಗಲೇ ನನಗೆ ನಾಲ್ಕನೆಯವರ ಪದ್ಯಗಳೆಲ್ಲ ಬಾಯಿಪಾಠ. ಸ್ಲೇಟು ಒರೆಸೋಕೆ ತೊಂಡೆ ಎಲೆ. ಉಗುಳು ಹಚ್ಚಿದರೆ ಬೆನ್ನಿಗೊಂದು ಏಟು.

ಅಜ್ಜನ ಕಾಲದಲ್ಲಿ ಈ ಕೋಣೆಯೂ ಇರಲಿಲ್ಲ, ಐಗಳ ಮಠದ ಜಗಲಿ ಮೇಲೆ ಮರಳು ಹರವಿ ಬೆರಳಲ್ಲೇ ತಿದ್ದಿಸುತ್ತಿದ್ದರು. ದೇಶದ ತುಂಬ ಹಳ್ಳಿ ಶಾಲೆಗಳ ಪಾಡು ಇಷ್ಟೇ ಅಂತ ಗೊತ್ತಾಗಿಯೇ 1987ರಲ್ಲಿ ಕೇಂದ್ರ ಸರ್ಕಾರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ತಂದಿದ್ದು. ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಅದರಲ್ಲೂ ಆದಷ್ಟು ಒಬ್ಬರು ಮಹಿಳೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ 60 ಮಕ್ಕಳವರೆಗೆ ಇಬ್ಬರು ಬೇಕು ಅಂತಲೇ ಹೇಳುತ್ತೆ. ನಮ್ಮೂರಿಗೆ ಎರಡನೇ ಕೋಣೆ ಬರೋ ಹೊತ್ತಿಗೆ ಮಕ್ಕಳೇ ಹಳದಿ ವ್ಯಾನು ಹತ್ತಿ ಪೇಟೆ ಕಡೆ ಹೊರಟಿದ್ದರು, ಎಂಥ ತಮಾಷೆ ಅಲ್ವಾ.

ಕಂಬಿ ಸದ್ದಿಗೆ ಪಕ್ಕದ ಮನೆ ಅಜ್ಜಿ ಹೊರಗೆ ಬಂದು, “ಯಾರಪ್ಪಾ ಅದು, ಇವತ್ತು ಇಸ್ಕೂಲಿದೆಯಾ?” ಅಂದರು.