ಗುರುತಿಲ್ಲದ ಹಳೆಯ ಬಿಲೇ ಸಾಧನಗಳನ್ನು ಪರಿಶೀಲಿಸುವಾಗ

ಬೆಂಗಳೂರಿನ ಶಿಲಾರೋಹಣ ತರಬೇತಿ ಸಂಸ್ಥೆಯೊಂದರಲ್ಲಿ ಸಲಕರಣೆಗಳ ಉಸ್ತುವಾರಿ ನನ್ನದು. ಹಗ್ಗ, ಸೊಂಟಕ್ಕೆ ಕಟ್ಟುವ ಹಾರ್ನೆಸ್, ತೆರೆದು ಮುಚ್ಚುವ ಲೋಹದ ಕೊಂಡಿಗಳಾದ ಕ್ಯಾರಬೀನರ್‌ಗಳ ನಿತ್ಯದ ತಪಾಸಣೆಯಲ್ಲದೆ, ರಾಮನಗರ, ಸಾವನದುರ್ಗದ ಬಂಡೆಗಳನ್ನು ದಶಕಗಳ ಹಿಂದೆ ಹತ್ತಿದ ಹಿರಿಯರ ಮನೆಗಳಿಂದ ಬರುವ ಹಳೆಯ ಸಾಮಾನನ್ನು ವಿಂಗಡಿಸುವ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ಅವುಗಳಲ್ಲಿ ನನಗೆ ಹೆಚ್ಚು ಆಸಕ್ತಿ ಹುಟ್ಟಿಸುವುದು, ತಯಾರಕರ ಗುರುತೇ ಇಲ್ಲದ ಬಿಲೇ ಸಾಧನಗಳು, ಅಂದರೆ ಹತ್ತುವವರು ಜಾರಿದಾಗ ಕೆಳಗಿರುವವರು ಹಗ್ಗವನ್ನು ತಡೆದು ಹಿಡಿಯಲು ಬಳಸುವ ಲೋಹದ ತುಂಡುಗಳು.

ಇಂಥದ್ದೊಂದು ಮೇಜಿಗೆ ಬಂದ ಕೂಡಲೇ ಕಿರಿಯ ಸಹೋದ್ಯೋಗಿಗಳು, “ಸರ್, ಇದು ಯಾವ ಕಂಪನಿಯದು?” ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾನು ಕೊನೆಗೆ ಉಳಿಸಿಕೊಳ್ಳುತ್ತೇನೆ. ಹೆಸರನ್ನು ಮೊದಲೇ ಊಹಿಸಿಬಿಟ್ಟರೆ, ಕಣ್ಣು ಆ ಊಹೆಗೆ ಹೊಂದುವುದನ್ನಷ್ಟೇ ಕಾಣುತ್ತದೆ.

ಈಚೆಗೆ ಬಂದ ಒಂದು ತುಂಡನ್ನೇ ನೋಡೋಣ. ದುಂಡನೆಯ ದಪ್ಪ ಬಿಲ್ಲೆ, ಅದರಲ್ಲಿ ಅಗಲ ಬೇರೆಬೇರೆಯಾದ ಎರಡು ಸೀಳುಗಂಡಿಗಳು, ಒಂದು ಮಗ್ಗುಲಿಗೆ ಸುರುಳಿ ಸ್ಪ್ರಿಂಗ್. ಜರ್ಮನಿಯ ಫ್ರಿಟ್ಜ್ ಸ್ಟಿಖ್ಟ್ ರೂಪಿಸಿ, 1970ರ ಆಸುಪಾಸಿನಲ್ಲಿ ಸಲೇವಾ ಕಂಪನಿ ಮಾರಾಟಕ್ಕೆ ತಂದ ಸ್ಟಿಖ್ಟ್ ಪ್ಲೇಟ್ ಇದೇ ಬಗೆಯದು. ಹಗ್ಗದ ಮಡಿಕೆಯನ್ನು ಸೀಳಿನಲ್ಲಿ ತೂರಿಸಿ ಕ್ಯಾರಬೀನರ್‌ಗೆ ಸಿಕ್ಕಿಸಿ, ಹಗ್ಗದ ಸಡಿಲ ಬದಿಯನ್ನು ಹಿಡಿದ ಬ್ರೇಕ್ ಕೈಯನ್ನು ಹಿಂದಕ್ಕೆ ತಂದರೆ, ಹಗ್ಗ ಅಂಚಿನ ಮೇಲೆ ಚೂಪಾಗಿ ಬಾಗಿ ಘರ್ಷಣೆಯಿಂದ ನಿಲ್ಲುತ್ತದೆ. ಬಿಲ್ಲೆ ಕ್ಯಾರಬೀನರ್‌ಗೆ ತಗುಲಿ ಕಚ್ಚಿಕೊಳ್ಳದಂತೆ ಸ್ಪ್ರಿಂಗ್ ದೂರ ತಳ್ಳಿಡುತ್ತದೆ. ಅದಕ್ಕೂ ಮುಂಚೆ ಹಗ್ಗವನ್ನು ಸ್ವಂತ ಸೊಂಟಕ್ಕೆ ಸುತ್ತಿ ತಡೆಯುತ್ತಿದ್ದವರಿಗೆ ಇದು ಎಷ್ಟು ದೊಡ್ಡ ಅನುಕೂಲವಾಗಿತ್ತೆಂಬುದನ್ನು ಹೇಳಬೇಕಾಗಿಲ್ಲ.

ಆದರೆ ನಮ್ಮ ಮುಂದಿದ್ದ ಬಿಲ್ಲೆಯ ಮೇಲೆ ಒಂದಕ್ಷರವೂ ಇರಲಿಲ್ಲ. ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದಾಗ, ಒಂದು ಸೀಳು 11 ಮಿ.ಮೀ. ಹಗ್ಗಕ್ಕೂ ಇನ್ನೊಂದು 9 ಮಿ.ಮೀ. ಹಗ್ಗಕ್ಕೂ ಹೊಂದುವಂತಿತ್ತು. ಅಯಸ್ಕಾಂತ ಹಿಡಿಯಲಿಲ್ಲ, ಕೈಗೆ ಹಗುರವಾಗಿತ್ತು. ಅಲ್ಲಿಗೆ ಅಲ್ಯೂಮಿನಿಯಂ ಇರಬೇಕೆಂಬುದು ಸ್ಪಷ್ಟವಾಯಿತು. ಮೇಲ್ಮೈಗೆ ಮಲ್ಟಿಮೀಟರ್‌ನ ಎರಡೂ ತುದಿ ತಾಗಿಸಿದಾಗ ವಿದ್ಯುತ್ ಹರಿಯಲಿಲ್ಲ, ಸೀಳಿನ ಸವೆದ ಅಂಚಿನಲ್ಲಿ ಮಾತ್ರ ಹರಿಯಿತು. ಅನೊಡೈಸ್ ಮಾಡಿದ ಪದರ, ಅಂದರೆ ಅಲ್ಯೂಮಿನಿಯಂ ಮೇಲೆ ಬೆಳೆಸಿದ ಗಟ್ಟಿ ಆಕ್ಸೈಡ್ ಹೊದಿಕೆ, ವಿದ್ಯುತ್ತನ್ನು ಬಿಡುವುದಿಲ್ಲವಾದ್ದರಿಂದ, ಬಣ್ಣ ಮಾಸಿದ ತುಂಡಿನಲ್ಲೂ ಆ ಪದರ ಎಲ್ಲಿ ಉಳಿದಿದೆ, ಎಲ್ಲಿ ಹಗ್ಗ ಅದನ್ನು ತಿಂದುಹಾಕಿದೆ ಎಂದು ಈ ಸರಳ ಪರೀಕ್ಷೆ ತೋರಿಸಿಕೊಡುತ್ತದೆ.

ಸವೆತ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ಅಗಲದ ಸೀಳಿನ ಒಂದೇ ಅಂಚು ಕನ್ನಡಿಯಂತೆ ನುಣುಪಾಗಿ ತಗ್ಗುಬಿದ್ದಿತ್ತು, ಎದುರಿನ ಅಂಚು ಹಾಗೆಯೇ ಉಳಿದಿತ್ತು. ಕಿರಿದಾದ ಸೀಳಿನ ಒಳಗೆ ಯಂತ್ರದ ಉಪಕರಣ ಬಿಟ್ಟ ಸಣ್ಣ ಗೆರೆಗಳು ಇನ್ನೂ ಕಾಣುತ್ತಿದ್ದವು. ಅಂದರೆ ಅದರ ಒಡೆಯರು ದಪ್ಪ ಹಗ್ಗವೊಂದನ್ನೇ, ಬಿಲ್ಲೆಯನ್ನು ಸದಾ ಒಂದೇ ದಿಕ್ಕಿಗೆ ಹಿಡಿದು ಬಳಸಿದ್ದರು. ಎರಕ ಹೊಯ್ದಿದ್ದರೆ ಅಚ್ಚಿನ ಎರಡು ಭಾಗ ಕೂಡುವ ಗೆರೆ ಎಲ್ಲಾದರೂ ಇರುತ್ತಿತ್ತು; ಅದು ಕಾಣಲಿಲ್ಲ. ದಪ್ಪ ಹಾಳೆಯಿಂದ ಕೊರೆದು ಮಾಡಿದ ತುಂಡು ಅದು, ಪೀಣ್ಯದ ಯಾವುದೇ ಸಣ್ಣ ವರ್ಕ್‌ಶಾಪಿನಲ್ಲೂ ಆಗಬಹುದಾದ ಕೆಲಸ. ಹಾಗೆಂದು ಅಲ್ಲಿಯೇ ಆಯಿತೆಂದು ದಾಖಲೆಯಲ್ಲಿ ಬರೆಯುವುದು ಸಲ್ಲದು.

ಯುರೋಪಿನ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆಂದು ಸೂಚಿಸುವ ಸಿಇ ಗುರುತು ಇಲ್ಲದಿರುವುದರಿಂದಲೂ ಆತುರದ ತೀರ್ಮಾನ ಬೇಡ. ಯುರೋಪಿನಲ್ಲಿ ಅದು ಇಂಥ ಸಲಕರಣೆಗಳಿಗೆ ಕಡ್ಡಾಯವಾದದ್ದು 1995ರ ಜುಲೈಯಿಂದ. ಬಿಲೇ ಸಾಧನಗಳಿಗೆಂದೇ ಇಎನ್ 15151 ಮಾನದಂಡ ಬಂದದ್ದು 2012ರಲ್ಲಿ. ಗುರುತಿಲ್ಲದ ತುಂಡು ಹಳೆಯದೂ ಇರಬಹುದು, ಯುರೋಪಿನ ಹೊರಗೆ ತಯಾರಾದ ಹೊಸದೂ ಇರಬಹುದು.

“ಎಳೆದು ನೋಡಿಬಿಟ್ಟರೆ ಗೊತ್ತಾಗುತ್ತಲ್ಲ ಸರ್” ಎಂಬ ಸಲಹೆ ಪ್ರತಿ ಬಾರಿಯೂ ಬರುತ್ತದೆ. ಮುರಿಯುವವರೆಗೆ ಎಳೆದರೆ ಇರುವ ಒಂದೇ ಒಂದು ಮಾದರಿ ಹಾಳಾಗುತ್ತದೆ, ಆ ಅಂಕಿ ಇನ್ನಾವ ತುಂಡಿಗೂ ಅನ್ವಯಿಸುವುದಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ, ಒಳಗೆ ಹೊಸದಾಗಿ ಬಿರುಕು ಬಿಟ್ಟಿದೆಯೋ ಎಂಬ ಸಂಶಯ ಉಳಿಯುತ್ತದೆ. ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸುವ ಡೈ ಪೆನಿಟ್ರಂಟ್ ಪರೀಕ್ಷೆ ತುಂಡನ್ನು ಕೆಡಿಸುವುದಿಲ್ಲವಾದರೂ ಮೇಲ್ಮೈಗೆ ತೆರೆದುಕೊಂಡ ಬಿರುಕನ್ನಷ್ಟೇ ತೋರಿಸುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಬಿಲ್ಲೆ ಎಷ್ಟೇ ಗಟ್ಟಿಯಾಗಿದ್ದರೂ 11 ಮಿ.ಮೀ. ಸೀಳಿನಲ್ಲಿ ಇಂದಿನ 9.5 ಮಿ.ಮೀ. ಹಗ್ಗ ಸಡಿಲವಾಗಿ ಓಡುತ್ತದೆ, ಹಿಡಿತ ಕಡಿಮೆಯಾಗುತ್ತದೆ, ತಗ್ಗಿನ ಚೂಪಾದ ಏಣು ಹಗ್ಗದ ಹೊದಿಕೆಯನ್ನೂ ಕೊಯ್ಯಬಲ್ಲದು. ಆದ್ದರಿಂದ ಮೂಲ ತಿಳಿಯದ ಸಾಧನದ ಮೇಲೆ ಯಾರ ಭಾರವನ್ನೂ ಹಾಕಲು ನಾನು ಬಿಡುವುದಿಲ್ಲ. ಈ ವಿಷಯದಲ್ಲಿ ರಾಜಿಯಿಲ್ಲ.

ಬಳಕೆಯಿಂದ ತೆಗೆದ ಸಾಮಾನ್ಯ ಸಲಕರಣೆಯನ್ನು ಮತ್ತೆ ಯಾರೂ ಬಳಸದಂತೆ ಗರಗಸದಿಂದ ಕತ್ತರಿಸುತ್ತೇವೆ. ಇವುಗಳನ್ನು ಕತ್ತರಿಸುವುದಿಲ್ಲ, ಕೆಂಪು ಚೀಟಿ ಕಟ್ಟಿ, ಬಳಕೆಯ ಸಲಕರಣೆಗಳಿಂದ ಬೇರೆಯಾಗಿ ಬೀಗ ಹಾಕಿಡುತ್ತೇವೆ. ಹಳೆಯ ಸಾಮಾನು ಕೊಡಲು ಬರುವ ಮನೆಯವರಲ್ಲಿ ನನ್ನದೊಂದು ಕೋರಿಕೆಯಿದೆ: ಲೋಹವನ್ನು ಉಜ್ಜಿ ಹೊಳಪು ಮಾಡಬೇಡಿ, ಅದರ ಜೊತೆಗಿದ್ದ ಹಗ್ಗದ ತುಂಡು ಮತ್ತು ಕ್ಯಾರಬೀನರ್‌ಗಳನ್ನು ಎಸೆಯಬೇಡಿ, ಅದನ್ನು ಬಳಸುತ್ತಿದ್ದ ಕಾಲದ ಒಂದು ಫೋಟೋ ಇದ್ದರೆ ಅದರ ಪ್ರತಿಯನ್ನೂ ಕೊಡಿ.