ದಿಲಿಜಾನಿನ ಕಾಡಿನಲ್ಲಿ ಗುದ್ದಲಿ ಹಿಡಿದು

ಅರ್ಮೇನಿಯಾಕ್ಕೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಐದಾರು ದಿನಗಳಲ್ಲಿ ಇಡೀ ದೇಶವನ್ನು ಸುತ್ತಿ ಮುಗಿಸುತ್ತಾರೆ. ಕರ್ನಾಟಕದ ಆರನೇ ಒಂದು ಭಾಗಕ್ಕಿಂತಲೂ ಚಿಕ್ಕದಾದ, ಸುಮಾರು 30 ಲಕ್ಷ ಜನರಿರುವ ದೇಶವದು, ಮುಗಿಸುವುದು ಕಷ್ಟವೇನಲ್ಲ. ನಾನು ಮಾತ್ರ ಅಲ್ಲಿನ ಒಂದು ಬೇಸಿಗೆಯ ಬಹುಪಾಲನ್ನು ಒಂದೇ ಬೆಟ್ಟದ ಒಂದೇ ಮಗ್ಗುಲಿನಲ್ಲಿ ಮಣ್ಣು ಅಗೆಯುತ್ತಾ ಕಳೆದೆ. ಊರಿಗೆ ಮರಳಿದ ಮೇಲೆ "ಏನೇನು ನೋಡಿದೆ?" ಎಂದು ಕೇಳಿದವರಿಗೆ ಉತ್ತರಿಸಲು ನನಗೆ ಸ್ವಲ್ಪ ಕಷ್ಟವಾಯಿತು.

ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರದ ನಡುವಿನ, ಅರ್ಮೇನಿಯಾವೂ ಸೇರಿದ ಕಾಕಸಸ್ ಸೀಮೆಯಲ್ಲಿ ಟ್ರಾನ್ಸ್‌ಕಾಕೇಶಿಯನ್ ಟ್ರೇಲ್ ಎಂಬ ಕಾಲುದಾರಿ ರೂಪುಗೊಳ್ಳುತ್ತಿದೆ. ಪೂರ್ತಿಯಾದರೆ ಅದರ ಉದ್ದ ಮೂರು ಸಾವಿರ ಕಿಲೋಮೀಟರ್ ದಾಟುತ್ತದೆ. ಬಹಳಷ್ಟು ಕಡೆ ಕುರಿಗಾಹಿಗಳ ಹಳೆಯ ಜಾಡನ್ನು, ಸೋವಿಯತ್ ಕಾಲದ ಜೀಪ್ ರಸ್ತೆಗಳನ್ನು ಜೋಡಿಸಿಕೊಂಡೇ ಅದು ಸಾಗುತ್ತದೆ. ಜೋಡಿಸಲು ಏನೂ ಇಲ್ಲದ ಕಡೆ ಬೆಟ್ಟ ಕಡಿದು ಹೊಸ ಹಾದಿ ಮಾಡಬೇಕು. ಬೇರೆ ಬೇರೆ ದೇಶಗಳ ಸ್ವಯಂಸೇವಕರು ಬೇಸಿಗೆಯಲ್ಲಿ ಬಂದು ಟೆಂಟ್ ಹೂಡಿ ಮಾಡುವ ಕೆಲಸ ಅದು. ಎರಡು ವಾರದ ಮಟ್ಟಿಗೆ ಬಡ ದೇಶವೊಂದಕ್ಕೆ ಹೋಗಿ, ಅನಾಥಾಲಯದ ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಅವರನ್ನು ತಬ್ಬಿಕೊಂಡ ಫೋಟೊ ಹಿಡಿದು ಬರುವ ಸ್ವಯಂಸೇವೆಯ ಬಗ್ಗೆ ನನಗೆ ಗೌರವವಿಲ್ಲ. ಪ್ರತಿ ಹದಿನೈದು ದಿನಕ್ಕೊಮ್ಮೆ ಹೊಸ ಮುಖಕ್ಕೆ ಹೊಂದಿಕೊಂಡು, ಮತ್ತೆ ಅದನ್ನು ಕಳೆದುಕೊಳ್ಳುವ ಕಷ್ಟ ಆ ಮಕ್ಕಳದು. ಮಣ್ಣಿಗೆ ಅಂಥ ಕಷ್ಟವಿಲ್ಲ. ಹಾಗಾಗಿ ಇದಕ್ಕೆ ಅರ್ಜಿ ಹಾಕಿದೆ.

ಕೊಲ್ಲಿಯ ವಿಮಾನ ನಿಲ್ದಾಣವೊಂದರಲ್ಲಿ ರಾತ್ರಿ ಕಳೆದು ರಾಜಧಾನಿ ಯೆರೆವಾನ್ ತಲುಪಿದಾಗ ಬೆಳಗಾಗಿತ್ತು. ಗುಲಾಬಿ ಬಣ್ಣದ ಜ್ವಾಲಾಮುಖಿ ಕಲ್ಲಿನ ಕಟ್ಟಡಗಳ ಆಚೆ ಅರಾರತ್ ಶಿಖರ ಹಿಮ ಹೊತ್ತು ನಿಂತಿತ್ತು. ಅರ್ಮೇನಿಯನ್ನರ ರಾಷ್ಟ್ರಲಾಂಛನದಲ್ಲಿ, ಅಂಗಡಿಯ ಫಲಕಗಳಲ್ಲಿ ಎಲ್ಲೆಲ್ಲೂ ಇರುವ ಈ ಬೆಟ್ಟ ಇರುವುದು ಟರ್ಕಿಯಲ್ಲಿ. ಆ ಗಡಿ 1993ರಿಂದ ಮುಚ್ಚಿದೆ. ಬೀದಿಯಲ್ಲಿ ಬೆನ್ನಿಗೆ ಊಟದ ಪೆಟ್ಟಿಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಓಡಾಡುವ ಭಾರತದ ಹುಡುಗರು ಎದುರಾದರು. ವೈದ್ಯಕೀಯ ಓದಲು ಬಂದ ನಮ್ಮವರೂ ಅಲ್ಲಿ ಬಹಳ ಜನ. ಭಾರತದ ಯುವಕರೆಂದರೆ ಈ ಎರಡರಲ್ಲಿ ಒಂದು ಎಂಬುದು ಅಲ್ಲಿಯವರ ಲೆಕ್ಕ. ಮೂರನೆಯ ಬಗೆಯ ಪ್ರಾಣಿಯಾದ ನನ್ನನ್ನು ಎಲ್ಲಿ ಇಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಯೆರೆವಾನಿನಿಂದ ನಮ್ಮ ಕೆಲಸದ ಸೀಮೆಯಾದ ದಿಲಿಜಾನಿಗೆ ಮರ್ಶ್ರುತ್ಕಾ ಎಂಬ ವ್ಯಾನಿನಲ್ಲಿ ಎರಡು ತಾಸಿನ ದಾರಿ. ಸಮುದ್ರ ಮಟ್ಟದಿಂದ 1,900 ಮೀಟರ್ ಎತ್ತರದಲ್ಲಿರುವ ಸೆವಾನ್ ಸರೋವರ ಬಲಕ್ಕೆ ಸಿಗುತ್ತದೆ. ನೀರಾವರಿಗೂ ವಿದ್ಯುತ್ತಿಗೂ ಎಂದು ಸೋವಿಯತ್ ಎಂಜಿನಿಯರುಗಳು ಅದರ ಮಟ್ಟವನ್ನು ಹತ್ತೊಂಬತ್ತು ಇಪ್ಪತ್ತು ಮೀಟರ್ ಇಳಿಸಿದ ಪರಿಣಾಮ, ಒಂದು ಕಾಲಕ್ಕೆ ನಡುಗಡ್ಡೆಯಾಗಿದ್ದ ಮಠದ ಗುಡ್ಡಕ್ಕೆ ಈಗ ನಡೆದೇ ಹೋಗಬಹುದು. ಅಲ್ಲಿಯವರೆಗೆ ಎಲ್ಲವೂ ಬೋಳು ಗುಡ್ಡ, ಒಣ ಹುಲ್ಲು. ಆಮೇಲೊಂದು ಉದ್ದನೆಯ ಸುರಂಗ. ಅದರ ಆಚೆ ಬಾಯಿಯಲ್ಲಿ ಹೊರಬಿದ್ದರೆ ಮಂಜು, ಬೀಚ್ ಮತ್ತು ಓಕ್ ಮರಗಳ ದಟ್ಟ ಕಾಡು, ತೇವದ ವಾಸನೆ. ಮಲೆನಾಡಿನಲ್ಲಿ ಹುಟ್ಟಿದ ನನಗೆ ಆ ಗಾಳಿ ಮೂಗಿಗೆ ಬಿದ್ದದ್ದೇ ಜೀವ ಬಂದಂತಾಯಿತು.

ಕೆಲಸದ ಮೊದಲ ದಿನವೇ ತಂಡದ ಮುಖ್ಯಸ್ಥೆ ನಮ್ಮ ಮುಂದೆ ಹತಾರಗಳನ್ನು ಸಾಲಾಗಿ ಮಲಗಿಸಿದಳು. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ ಇರುವ ಪುಲಾಸ್ಕಿ. ಒಂದು ಅಂಚು ಹರಿತವಾಗಿ, ಇನ್ನೊಂದಕ್ಕೆ ದಪ್ಪ ಹಲ್ಲುಗಳಿರುವ ಮೆಕ್ಲಿಯೋಡ್. ಎರಡೂ ಅಮೆರಿಕದ ಅರಣ್ಯ ಸಿಬ್ಬಂದಿ ಕಾಡ್ಗಿಚ್ಚಿನ ಕೆಲಸಕ್ಕೆಂದು ಕಂಡುಕೊಂಡವು. ಮಿಕ್ಕಂತೆ ನಮ್ಮೂರಿನದೇ ಹಾರೆ, ಗರಗಸ.

ಕಾಡಿನಲ್ಲಿ ಹಾದಿ ಮಾಡುವುದೆಂದರೆ ಪೊದೆ ಸವರಿ ನಡೆದುಬಿಡುವುದು ಎಂದು ತಿಳಿದವರಿಗೆ ಅರ್ಧ ದಿನದಲ್ಲೇ ಬುದ್ಧಿ ಬರುತ್ತದೆ. ಮೊದಲು ಎಲೆ ಕೊಳೆತು ಆದ ಮೆತ್ತನೆಯ ಪದರವನ್ನು ಪೂರ್ತಿ ಎಳೆದು ಹಾಕಬೇಕು; ಅದು ನೀರು ಹೀರಿಕೊಂಡು ಕೆಸರಾಗುತ್ತದೆ. ಅದರ ಕೆಳಗಿನ ಗಟ್ಟಿ ಮಣ್ಣು ಸಿಗುವವರೆಗೆ ಇಳಿಜಾರನ್ನು ಮೆಟ್ಟಿಲಿನ ಹಾಗೆ ಒಳಕ್ಕೆ ಕಡಿಯಬೇಕು. ಹಾದಿಯ ಮೇಲಿನ ದಂಡೆಯನ್ನು ನೆಟ್ಟಗೆ ಬಿಡಬಾರದು, ಓರೆಯಾಗಿ ಕೆತ್ತಬೇಕು, ಇಲ್ಲವಾದರೆ ಮೊದಲ ಮಳೆಗೆ ಕುಸಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ನಡೆಯುವ ಪಟ್ಟಿ ಕಣಿವೆಯ ಕಡೆಗೆ ಕಂಡೂ ಕಾಣದಷ್ಟು ವಾಲಿರಬೇಕು. ಆಗ ಮೇಲಿನಿಂದ ಬಂದ ನೀರು ಹಾದಿಯನ್ನು ಅಡ್ಡ ದಾಟಿ ಹೋಗುತ್ತದೆ. ಮಟ್ಟಸವಾಗಿದ್ದರೆ ನೀರು ಹಾದಿಯನ್ನೇ ಕಾಲುವೆ ಮಾಡಿಕೊಂಡು ಉದ್ದಕ್ಕೂ ಹರಿದು ಎರಡು ವರ್ಷದಲ್ಲಿ ಅದನ್ನು ಕಮರಿ ಮಾಡುತ್ತದೆ.

ಜರ್ಮನಿಯ ಹುಡುಗನೊಬ್ಬ ಇದನ್ನೆಲ್ಲ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ಕೊಪ್ಪದ ಅಡಿಕೆ ತೋಟದಲ್ಲಿ ಬೆಳೆದ ನನಗೆ ಟಿಪ್ಪಣಿಯ ಅಗತ್ಯ ಬೀಳಲಿಲ್ಲ. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಹೆರೆಯುವಾಗ ಅಪ್ಪ ಹೇಳುತ್ತಿದ್ದುದೂ ಇಷ್ಟೇ: ನೀರನ್ನು ತಡೆಯಬೇಡ, ಬೇಗ ಕಳುಹಿಸು. ದೊಡ್ಡ ಬಂಡೆಯನ್ನು ಹಾರೆಯ ತುದಿಯಲ್ಲಿ ಮೀಟಿ, ಕೆಳಗೆ ಚಿಕ್ಕ ಕಲ್ಲು ತುರುಕಿ, ಮತ್ತೆ ಮೀಟುತ್ತಾ ಬೆರಳುದ್ದ ಬೆರಳುದ್ದ ಸರಿಸುವುದರಲ್ಲಿ ಮಾತ್ರ ಎಲ್ಲರೂ ಸಮಾನ ದಡ್ಡರಾಗಿದ್ದೆವು. ಒಂದು ಕಲ್ಲಿನ ಮೆಟ್ಟಿಲು ಅಲುಗಾಡದಂತೆ ಕೂರಬೇಕಾದರೆ ಇಡೀ ಬೆಳಗು ಹೋಗುತ್ತಿತ್ತು. ಸಂಜೆ ಹಿಂತಿರುಗಿ ನೋಡಿದರೆ, ಬೆಳಗ್ಗೆ ಬುತ್ತಿ ಇಟ್ಟ ಮರ ಇನ್ನೂ ಕೂಗಳತೆಯಲ್ಲೇ ಇರುತ್ತಿತ್ತು.

ಹಳ್ಳಿಯವರು ನಮ್ಮನ್ನು ನೋಡಲು ಬರುತ್ತಿದ್ದರು. ಕೇಳುತ್ತಿದ್ದ ಮೊದಲ ಪ್ರಶ್ನೆ, ಎಷ್ಟು ಸಂಬಳ? ಇಲ್ಲ ಎಂದರೆ ನಂಬುತ್ತಿರಲಿಲ್ಲ. ವಿಮಾನದ ಟಿಕೆಟ್ಟನ್ನೂ ನಾವೇ ಕೊಂಡಿದ್ದೇವೆ ಎಂದಾಗ ಒಬ್ಬ ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡು ತಂಡದ ಅರ್ಮೇನಿಯನ್ ಹುಡುಗಿಗೆ ಏನೋ ಹೇಳಿ ನಕ್ಕ. ಸೋವಿಯತ್ ಕಾಲದಲ್ಲಿ ಶನಿವಾರಗಳಂದು ಕೂಲಿಯಿಲ್ಲದ ಶ್ರಮದಾನಕ್ಕೆ ಜನರನ್ನು ಹೊರಡಿಸುತ್ತಿದ್ದರು, ಸುಬ್ಬೋತ್ನಿಕ್ ಎಂದು. ಸ್ವಇಚ್ಛೆಯದು ಎಂಬ ಹೆಸರು. ಹೋಗದಿದ್ದರೆ ಮೇಲಿನವರ ಕಣ್ಣಿಗೆ ಬೀಳುತ್ತಿದ್ದರು. "ನಮ್ಮನ್ನು ಅಟ್ಟಲು ಒಂದು ಪಕ್ಷವೇ ಬೇಕಾಗಿತ್ತು, ಇವರನ್ನು ಯಾರು ಅಟ್ಟಿದರು?" ಎಂಬುದು ಅವನ ಸಂದೇಹ. ಮಾರನೆಯ ದಿನ ಅವನೇ ಒಂದು ಚೀಲ ಸೌತೆಕಾಯಿ ತಂದುಕೊಟ್ಟು, ನಾವು ಗುದ್ದಲಿ ಹಿಡಿಯುವ ರೀತಿ ಸರಿಯಿಲ್ಲ ಎಂದು ತೋರಿಸಿಕೊಟ್ಟು ಹೋದ.

ಪ್ರವಾಸಿಗನಿಗೆ ಜನ ದೇಶವನ್ನು ತೋರಿಸುತ್ತಾರೆ. ಕೈಯಲ್ಲಿ ಗುದ್ದಲಿ ಇರುವವನನ್ನು ತಿದ್ದಲು ಬರುತ್ತಾರೆ. ತಿದ್ದುವಾಗ ಹೊರಬೀಳುವ ಮಾತು ತೋರಿಸುವಾಗ ಬರುವುದಿಲ್ಲ. ನಾವು ಒಂದು ಎಳೆಯ ಓಕ್ ಮರವನ್ನು ಕಡಿಯುವುದೇ ಬಿಡುವುದೇ ಎಂದು ಚರ್ಚಿಸುತ್ತಿದ್ದಾಗ, ಹುಲ್ಲು ಕೊಯ್ಯಲು ಬಂದಿದ್ದ ಹೆಂಗಸೊಬ್ಬಳು ಬಿಡಿ ಎಂದು ಗದರಿದಳು. 1988ರ ಡಿಸೆಂಬರ್ 7ರಂದು ಸ್ಪಿಟಾಕ್ ಸುತ್ತಲಿನ ಭೂಕಂಪದಲ್ಲಿ ಸುಮಾರು 25,000 ಜನ ಸತ್ತರು. ಅದರ ಬೆನ್ನಿಗೆ ಮೆಟ್ಸಮೋರ್ ಅಣುಸ್ಥಾವರವನ್ನು ಸುರಕ್ಷತೆಗಾಗಿ ಮುಚ್ಚಿದರು. ಆಮೇಲೆ ಸೋವಿಯತ್ ಒಕ್ಕೂಟ ಒಡೆಯಿತು, ನೆರೆಯ ಅಜರ್‌ಬೈಜಾನಿನೊಂದಿಗೆ ಕರಬಾಖ್ ಯುದ್ಧ ಬಂತು, ಗಡಿಗಳು ಮುಚ್ಚಿದವು. 1995ರಲ್ಲಿ ಸ್ಥಾವರ ಮತ್ತೆ ಶುರುವಾಗುವವರೆಗಿನ ಚಳಿಗಾಲಗಳಲ್ಲಿ ದಿನಕ್ಕೆ ಒಂದೆರಡು ತಾಸು ವಿದ್ಯುತ್ತು. ಜನ ಉದ್ಯಾನದ ಮರಗಳನ್ನು ಸುಟ್ಟರು, ಪುಸ್ತಕಗಳನ್ನು ಸುಟ್ಟರು, ಮನೆಯ ನೆಲಕ್ಕೆ ಹಾಸಿದ್ದ ಹಲಗೆಗಳನ್ನೇ ಕಿತ್ತು ಒಲೆಗೆ ಹಾಕಿದರು. "ಈ ಇಳಿಜಾರಿನಲ್ಲಿ ನಾನೇ ಕಡಿದಿದ್ದೇನೆ," ಎಂದಳು ಅವಳು. "ಈಗಿರುವುದು ಆಮೇಲೆ ಬಂದದ್ದು." ನಾವು ಹಾದಿಯನ್ನು ಮರದ ಮೇಲ್ಭಾಗದಿಂದ ಬಳಸಿ ಒಯ್ದೆವು, ಅದಕ್ಕೆ ಎರಡು ದಿನ ಹೆಚ್ಚಿಗೆ ಹಿಡಿಯಿತು.

ಊಟದ ವಿಷಯದಲ್ಲಿ ನನಗೆ ಭಯವಿತ್ತು. ಕಬ್ಬಿಣದ ಸರಳಿಗೆ ಮಾಂಸ ಚುಚ್ಚಿ ಕೆಂಡದ ಮೇಲೆ ಸುಡುವ ಖೊರೊವಾತ್ಸ್ ಇಲ್ಲದೆ ಅಲ್ಲಿ ಅತಿಥಿಸತ್ಕಾರವಿಲ್ಲ. ಸಸ್ಯಾಹಾರಿ ಎಂದರೆ ಕೋಳಿ ತಂದಿಡುತ್ತಿದ್ದರು. ಬದಲಾಗಿ "ಪಾಸ್" ಎಂದು ಹೇಳು ಎಂದು ಕಲಿಸಿದ್ದು ತಂಡದ ಅಡುಗೆಯ ಉಸ್ತುವಾರಿ. ಅವರ ಚರ್ಚ್‌ನ ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಎಲ್ಲವೂ ನಿಷಿದ್ಧವಾದ್ದರಿಂದ ಅದಕ್ಕೆಂದೇ ಒಂದು ಇಡೀ ಅಡುಗೆಯ ಪರಂಪರೆ ಇದೆ: ಬೇಳೆ ಕಾಳು ತುಂಬಿದ ಎಲೆಕೋಸಿನ ಸುರುಳಿ, ಅಕ್ರೋಟು, ಒಣಹಣ್ಣು. ಅವೆಲುಕ್ ಎಂಬ ಕಾಡುಸೊಪ್ಪನ್ನು ಹೆಂಗಸರು ವಸಂತದಲ್ಲಿ ಕೊಯ್ದು ಜಡೆ ಹೆಣೆದು ಜಗುಲಿಯಲ್ಲಿ ತೂಗುಹಾಕುತ್ತಾರೆ. ಹಸಿಯದು ಕಹಿ, ಒಣಗಿದಾಗ ಹುಳಿಮಿಶ್ರಿತ ಘಮ. ಮೊಸರಿಗೆ ನೀರು, ಉಪ್ಪು ಹಾಕಿ ಕಡೆದ ತಾನ್ ಎಂಬುದು ಅಪ್ಪಟ ಮಜ್ಜಿಗೆ, ಇಂಗು ಮಾತ್ರ ಇಲ್ಲ. ನನ್ನ ಪಾಳಿ ಬಂದಾಗ ಸಾಸಿವೆ, ಕರಿಬೇವಿನ ಪೊಟ್ಟಣ ಬಿಚ್ಚಿ ಅವರ ಗೋಧಿನುಚ್ಚಿನಲ್ಲಿ ಉಪ್ಪಿಟ್ಟು ಮಾಡಿದೆ. ಪೋಲೆಂಡಿನ ಹುಡುಗಿ ಕರಿಬೇವನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಇಟ್ಟದ್ದನ್ನು ನೋಡಿ, ಜಗತ್ತಿನ ಎಲ್ಲೆಡೆ ಮಕ್ಕಳು ಇದನ್ನೇ ಮಾಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ರಜೆಯ ದಿನ ಸ್ನಾನಕ್ಕೆಂದು ಹಳ್ಳಿಯ ಒಂದು ಮನೆಗೆ ಇಳಿಯುತ್ತಿದ್ದೆವು. ಮನೆಯೊಡತಿ ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆಯಲ್ಲಿ ಕಾಫಿ ಕಾಸುತ್ತಿದ್ದಳು. ನಾನು ಚಿಕ್ಕಮಗಳೂರಿನ ಪುಡಿ ಕೊಟ್ಟಾಗ ಅವಳು ಬೆರಳಿನಲ್ಲಿ ತಿಕ್ಕಿ ನೋಡಿ, ಏನೂ ಹೇಳದೆ ಹಿತ್ತಾಳೆಯ ಕೈಬೀಸುವ ಗಿರಣಿಗೆ ಹಾಕಿ ಗೋಪಿಚಂದನದಷ್ಟು ನುಣ್ಣಗೆ ಮತ್ತೆ ಬೀಸಿದಳು. ಫಿಲ್ಟರಿಗೆಂದು ಮಾಡಿದ ತರಿ ಅವರ ಕಾಫಿಗೆ ನಡೆಯುವುದಿಲ್ಲ. ಚರಟ ತಳಕ್ಕೆ ಕೂರಬೇಕು. ಕುಡಿದ ಮೇಲೆ ಕಪ್ಪನ್ನು ತಟ್ಟೆಗೆ ಕವುಚಿ, ಚರಟ ಇಳಿದು ಒಣಗಿದ ಮೇಲೆ ಒಳಗಿನ ಚಿತ್ತಾರ ನೋಡಿ ಭವಿಷ್ಯ ಹೇಳುವುದು ಅಲ್ಲಿಯ ಹೆಂಗಸರ ರೂಢಿ. ನನ್ನ ಕಪ್ಪಿನಲ್ಲಿ ಉದ್ದವಾದ ಹಾದಿ ಕಂಡಿತಂತೆ. ದಿನವಿಡೀ ಹಾದಿ ಕಡಿಯುವವರ ಕಪ್ಪಿನಲ್ಲಿ ಇನ್ನೇನು ಕಂಡೀತು?

ಹತ್ತಿರದಲ್ಲೇ ಗೋಶಾವಾಂಕ್ ಮಠ. ಅರ್ಮೇನಿಯನ್ನರಿಗೆ 12ನೇ ಶತಮಾನದಲ್ಲಿ ಕಾನೂನು ಗ್ರಂಥ ರಚಿಸಿಕೊಟ್ಟ ಮ್ಖಿತಾರ್ ಗೋಶ್, ಭೂಕಂಪದಲ್ಲಿ ಹಳೆಯ ಮಠ ಬಿದ್ದ ಮೇಲೆ ಕಟ್ಟಿಸಿದ್ದು. ಅಲ್ಲಿ 1291ರಲ್ಲಿ ಪೊಘೋಸ್ ಎಂಬ ಶಿಲ್ಪಿ ಕೆತ್ತಿದ ಖಾಚ್ಕಾರ್, ಅಂದರೆ ಶಿಲುಬೆಗಲ್ಲು, ಇದೆ. ಒಂದೇ ಕಲ್ಲಿನಲ್ಲಿ ಪದರದ ಮೇಲೆ ಪದರ ಜಾಲರಿ. ಶಿಲ್ಪಿ ತನ್ನ ಹೆಸರನ್ನು ಕೆಳಗೆ ಸಣ್ಣಗೆ ಬಿಟ್ಟಿದ್ದಾನೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಹೆಸರು ಕೆತ್ತಿಕೊಂಡದ್ದು ಇದಕ್ಕೆ ಒಂದು ತಲೆಮಾರಿನಷ್ಟೇ ಹಿಂದೆ. ಅಲ್ಲಿ ಸಿಕ್ಕ ನಿವೃತ್ತ ಶಾಲಾ ಮಾಸ್ತರು ನಾನು ಭಾರತದವನೆಂದು ತಿಳಿದದ್ದೇ "ಮದ್ರಾಸ್!" ಎಂದರು. ಜಗತ್ತಿನ ಮೊತ್ತಮೊದಲ ಅರ್ಮೇನಿಯನ್ ಪತ್ರಿಕೆ "ಅಜ್ದರಾರ್" ಅಚ್ಚಾದದ್ದು 1794ರಲ್ಲಿ ಮದ್ರಾಸಿನಲ್ಲಿ, ಹರುತ್ಯೂನ್ ಶ್ಮಾವೊನ್ಯಾನ್ ಎಂಬ ಪಾದ್ರಿಯಿಂದ. ಚೆನ್ನೈನ ಅರ್ಮೇನಿಯನ್ ಬೀದಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಆ ಹೆಸರು ಯಾಕೆ ಬಂತು ಎಂದು ತಿಳಿಯಲು ದಿಲಿಜಾನಿನ ಕಾಡಿಗೆ ಬರಬೇಕಾಯಿತು.

ಜುಲೈನಲ್ಲಿ ವರ್ದವಾರ್ ಬಂತು. ಈಸ್ಟರ್ ಕಳೆದ 98ನೇ ದಿನ ಬರುವ ನೀರಾಟದ ಹಬ್ಬ; ಕ್ರೈಸ್ತಪೂರ್ವ ಕಾಲದ್ದು, ಚರ್ಚ್ ತನ್ನದಾಗಿಸಿಕೊಂಡಿದೆ. ಮಕ್ಕಳು ಬಕೆಟ್ ಹಿಡಿದು ದಾರಿ ಕಾಯುತ್ತಾರೆ, ಮಹಡಿಯಿಂದ ಅಜ್ಜಿಯರು ಕೊಡ ಮಗುಚುತ್ತಾರೆ. ವ್ಯಾನಿನ ಕಿಟಕಿ ತೆರೆದಿಟ್ಟ ಚಾಲಕನಿಗೂ ಬಿಡುಗಡೆಯಿಲ್ಲ, ಯಾರೂ ಕೋಪಿಸಿಕೊಳ್ಳುವಂತಿಲ್ಲ. ಬಣ್ಣವೊಂದಿಲ್ಲದ ಓಕುಳಿ.

ನಮ್ಮ ಹಾದಿಗೂ ಅದೇ ವಾರ ನೀರು ಬಿತ್ತು. ಮಧ್ಯಾಹ್ನ ಗುಡುಗಿ ಆಲಿಕಲ್ಲು ಸಮೇತ ಸುರಿದ ಮಳೆ ನಿಂತ ಕೂಡಲೇ ಎಲ್ಲರೂ ಓಡಿದೆವು. ಹೆಚ್ಚಿನ ಕಡೆ ನೀರು ಹೇಳಿದ ಮಾತು ಕೇಳಿ ಅಡ್ಡ ದಾಟಿತ್ತು. ಒಂದು ತಿರುವಿನಲ್ಲಿ ಮಾತ್ರ ಹೊರ ಅಂಚು ಜಗ್ಗಿ ಹೋಗಿ, ಗುಂಡಿ ಗುಂಡಿಯಾಗಿ ಕೆಸರು ನಿಂತಿತ್ತು. ಮಳೆ ಗುಂಡಿ ತೋಡುವುದಿಲ್ಲ. ಗೊರಸಿನ ಗುರುತು ನೋಡಿದಾಗ ಅರ್ಥವಾಯಿತು: ಹಾದಿಯ ಉದ್ಘಾಟನೆಯನ್ನು ಹಳ್ಳಿಯ ಹಸುಗಳು ನೆರವೇರಿಸಿದ್ದವು. ಅಂಚಿಗೇ ಅಂಟಿಕೊಂಡು ನಡೆಯುವುದು ಅವುಗಳ ಸ್ವಭಾವ.

ಅವುಗಳ ಒಡೆಯ ಬೇರಾರೂ ಅಲ್ಲ, ಸೌತೆಕಾಯಿ ತಂದಿದ್ದ ಮುದುಕನೇ. ಮುಖ್ಯಸ್ಥೆ ಅವನಿಗೆ ವಿನಯದಿಂದ ದೂರು ಹೇಳಿದಳು. ಅವನು ಹಾದಿಯ ಉದ್ದಕ್ಕೂ ನಡೆದು ನೋಡಿ, ತಿರುವಿನ ಹೊರಬದಿಗೆ ಮೊಣಕಾಲೆತ್ತರದ ಕಲ್ಲುಗಳನ್ನು ಸಾಲಾಗಿ ಇಡಿ, ಹಸು ಒಳಗೆ ಸರಿಯುತ್ತದೆ ಎಂದ. ಇಟ್ಟೆವು, ಸರಿದವು. ಹಸುಗಳಿಗೆ ಹಾದಿ ಹಿಡಿಸಿದೆ, ಹಳೆಯ ಜಾಡಿನಲ್ಲಿ ಕಾಲು ಜಾರುತ್ತಿತ್ತು ಎಂದೂ ತಿಳಿಸಿದ. ಹೋಗುವಾಗ, ಇನ್ನೊಂದು ನೂರು ಗಜ ಮೇಲಕ್ಕೆ ಎಳೆದರೆ ತನ್ನ ಹುಲ್ಲುಗಾವಲಿಗೇ ತಲುಪುತ್ತದಲ್ಲ, ಹೇಗೂ ಸಂಬಳ ಕೇಳದ ಜನ ಇದ್ದೀರಿ ಎಂದ. ಮುಖ್ಯಸ್ಥೆ ನಕ್ಕು ನಕಾಶೆ ಬಿಚ್ಚಿದಳು. ಮುಂದಿನ ತಂಡದ ಗುರುತಿನ ಗೂಟಗಳು ಹುಲ್ಲುಗಾವಲನ್ನು ಬಳಸಿಯೇ ಹೋಗುತ್ತಿದ್ದವು. ಇಬ್ಬರೂ ನೆಲದ ಮೇಲೆ ಕುಳಿತು ಕಡ್ಡಿಯಿಂದ ಗೆರೆ ಎಳೆಯುತ್ತಾ ವಾದಕ್ಕಿಳಿದರು. ನಾವು ಪುಲಾಸ್ಕಿಗಳನ್ನು ಹೊತ್ತು ಅಡುಗೆಯ ಪಾಳಿಗೆ ಇಳಿದೆವು.