‘ಮೇಲೆ ಎಂಥ ಉಂಟು?’ ಅಂತ ಕೇಳುವವರಿಗೆ

ಭಾನುವಾರ ಗೆಳೆಯರ ಜೊತೆ ಗುಡ್ಡ ಹತ್ತಿ ಬಂದೆ ಅಂತ ಹೇಳಿದರೆ ಸಾಕು, ಪ್ರಶ್ನೆ ತಯಾರಿರುತ್ತದೆ. “ಮೇಲೆ ಎಂಥ ಉಂಟು?” ಆಫೀಸಿನಲ್ಲಿ ಕೇಳುತ್ತಾರೆ. ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಕೇಳುತ್ತಾರೆ. ಬೆಂಗಳೂರಿನ ನೆಂಟರು ಫೋನಿನಲ್ಲಿ “ಅಲ್ಲಿ ನೋಡೋಕೆ ಏನಿದೆ?” ಅನ್ನುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ನಾವು ಹೆಚ್ಚಾಗಿ ಹೋಗುವುದು ಪೊಸಡಿಗುಂಪೆಗೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ, ಧರ್ಮತ್ತಡ್ಕದ ಹತ್ತಿರ. ಮೇಲೆ ಹುಲ್ಲು ಉಂಟು, ಮುರಕಲ್ಲಿನ ಪಾರೆ (ಕೆಂಪುಕಲ್ಲಿನ ಬೋಳು ಹಾಸು) ಉಂಟು, ಗಾಳಿ ಉಂಟು. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಮಂಗಳೂರು, ಈಶಾನ್ಯಕ್ಕೆ ಕುದುರೆಮುಖದ ಸಾಲು ಕಾಣುತ್ತದೆ. ನೆರಳಿಲ್ಲ, ಹಾಗಾಗಿ ಬೆಳಿಗ್ಗೆ ಬೇಗ ಹತ್ತಬೇಕು. ಜಲಪಾತ ಇಲ್ಲ. ಇಷ್ಟೇ ಬೇಕಾಗಿದ್ದರೆ ಇಲ್ಲಿಗೆ ಓದುವುದು ನಿಲ್ಲಿಸಬಹುದು.

ಆದರೆ ಆ ಪ್ರಶ್ನೆ ಕೇಳುವ ರೀತಿ ಉಂಟಲ್ಲ, ಅದು ನನಗೆ ಆಗುವುದಿಲ್ಲ. ಗುಡ್ಡದ ತಲೆಯ ಮೇಲೆ ಯಾರೋ ಏನೋ ತಂದು ಇಟ್ಟಿರಬೇಕು, ಇಲ್ಲದಿದ್ದರೆ ಹತ್ತಿದ್ದು ದಂಡ ಅನ್ನುವ ಹಾಗೆ ಕೇಳುತ್ತಾರೆ. ದೇವಸ್ಥಾನ ಉಂಟು ಅಂದರೆ ಸರಿ, ಕೋಟೆ ಉಂಟು ಅಂದರೆ ಸರಿ. ಹುಲ್ಲು ಮತ್ತು ಕಲ್ಲು ಅಂದ ಕೂಡಲೇ “ಓ, ಎಂಥದೂ ಇಲ್ಲ ಹಾಗಾದರೆ” ಅಂತ ಮಾತು ಮುಗಿಸುತ್ತಾರೆ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಗೆಳೆಯನ ಭಾವ ನಮ್ಮ ಜೊತೆ ಬಂದಿದ್ದರು. ಬೆಂಗಳೂರಿನವರು, ಒಳ್ಳೆಯ ಮನುಷ್ಯ. ಬುಡದಲ್ಲಿ ಕಾರು ನಿಲ್ಲಿಸುವಾಗ ಕೇಳಿದರು, ಅರ್ಧ ದಾರಿಯಲ್ಲಿ ಕೇಳಿದರು. ಮೇಲೆ ಹೋದ ಮೇಲೂ ಕೇಳಿದರು, “ಇನ್ನೇನಿದೆ ಇಲ್ಲಿ?” ಯಾರೂ ಉತ್ತರ ಕೊಡದಿದ್ದಾಗ ಫೋನ್ ತೆಗೆದು, ಪೊಸಡಿಗುಂಪೆಯ ಮೇಲೆ ನಿಂತುಕೊಂಡೇ ಪೊಸಡಿಗುಂಪೆಯ ಫೋಟೋ ಹುಡುಕಿ ನೋಡತೊಡಗಿದರು. ನಾವೆಲ್ಲ ಜೋರಾಗಿ ನಕ್ಕೆವು, ಅವರೂ ನಕ್ಕರು.

ಇಳಿದು ಬಂದಾಗ ಬಿಸಿಲು ಏರಿತ್ತು. ಬಾಯಾರು ಕಡೆ ಗೆಳೆಯನ ದೊಡ್ಡಪ್ಪನ ಮನೆಗೆ ಹೋದೆವು. ದೊಡ್ಡಮ್ಮ “ಆಸರಿಗೆ ಎಂಥ ಬೇಕು?” ಅಂತ ಕೇಳುತ್ತಲೇ ಬೆಲ್ಲ, ನೀರು ತಂದಿಟ್ಟರು. ಭಾವ ಎರಡು ಚೊಂಬು ಕುಡಿದು, “ಫ್ರಿಜ್ಜಿಂದಾ? ಬೋರ್‌ವೆಲ್ಲಾ?” ಅಂದರು. ದೊಡ್ಡಪ್ಪ ಹೇಳಿದರು, “ಬೋರೂ ಇಲ್ಲ, ಪಂಪೂ ಇಲ್ಲ. ನೀವು ಈಗ ಹತ್ತಿ ಬಂದಿರಲ್ಲ ಮಾರಾಯರೇ, ಆ ಗುಡ್ಡದ್ದು.”

ಆಮೇಲೆ ಮನೆಯ ಹಿಂದೆ ಕರೆದುಕೊಂಡು ಹೋದರು. ಗುಡ್ಡದ ಬರೆಯಲ್ಲಿ ಒಬ್ಬರು ಬಗ್ಗಿ ನಡೆಯುವಷ್ಟು ಬಾಯಿ. ಅದೇ ಸುರಂಗ, ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು. ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಹೊರಗಿನ ಸೆಕೆ ನಿಂತೇ ಹೋಯಿತು. ಪಾದ ಮುಳುಗುವಷ್ಟು ತಣ್ಣನೆಯ ನೀರು. ಎರಡೂ ಬದಿಯ ಗೋಡೆಯಲ್ಲಿ ಪಿಕ್ಕಾಸಿನ ಗುರುತು, ಓರೆ ಓರೆಯಾಗಿ, ಒಂದರ ಪಕ್ಕ ಒಂದು. ಟಾರ್ಚ್ ಹಾಕಿದರೆ ಗೋಡೆ ಬೆವರಿದ ಹಾಗೆ ಹೊಳೆಯುತ್ತಿತ್ತು. ಬಾವಲಿಯೊಂದು ಕಿವಿಯ ಹತ್ತಿರದಲ್ಲೇ ಹಾರಿ ಹೋಯಿತು, ಭಾವ ಕೂಗಿದರು. ಸುರಂಗದ ಬಾಯಿಯ ಹತ್ತಿರ ಅಡಿಕೆ ದಂಬೆ (ಅಡಿಕೆ ಮರ ಸೀಳಿ ಮಾಡಿದ ದೋಣಿ) ಇಟ್ಟಿದ್ದರು. ಅದರ ತುದಿಯಿಂದ ಬೆರಳು ಗಾತ್ರದ ನೀರು ಕೆರೆಗೆ ಬೀಳುತ್ತಿತ್ತು. ತೋಟಕ್ಕೂ ಅದೇ, ಅಡುಗೆಗೂ ಅದೇ.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ಆ ಗುಡ್ಡದ ನೀರು ಯಾರ ಮನೆಗೆ ಹೋಗುತ್ತದೆ? ಇದನ್ನು ಯಾರಾದರೂ ಕೇಳಿದರೆ ಒಂದು ಗಂಟೆ ಕೂತು ಹೇಳುತ್ತೇನೆ, ಚಾ ಸಹ ನನ್ನದೇ.

ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮತ್ತೆ ತಿಂಗಳುಗಟ್ಟಲೆ ಒಣ ಬಿಸಿಲು. ಮುರಕಲ್ಲು ನೋಡಲು ಗಟ್ಟಿ, ಆದರೆ ತುಂಬಾ ತೂತು, ಬಿರುಕು. ಬಿದ್ದ ಮಳೆಯಲ್ಲಿ ಒಂದಷ್ಟು ಅದರೊಳಗೆ ಇಳಿಯುತ್ತದೆ. ಕೆಳಗೆ ಜೇಡಿಮಣ್ಣಿನ ಪದರ ಸಿಕ್ಕಿದಾಗ ಮುಂದೆ ಹೋಗಲಾಗದೆ ನಿಧಾನಕ್ಕೆ ಅಡ್ಡ ಹರಿಯುತ್ತದೆ. ಸುರಂಗ ಹೋಗಿ ಮುಟ್ಟುವುದು ಆ ನೀರನ್ನು. ಒಳಗೆ ಹೋದಂತೆ ಸ್ವಲ್ಪ ಏರು ಇರುವ ಹಾಗೆ ಕೊರೆಯುತ್ತಾರೆ, ಆದ್ದರಿಂದ ನೀರು ತಾನಾಗಿ ಹೊರಗೆ ಬರುತ್ತದೆ, ಕರೆಂಟು ಬೇಡ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ. ಒಂದು ಕೋಲು ಅಂದರೆ ಸುಮಾರು 2.5 ಅಡಿ. ಬಾಯಾರು, ಪಡ್ರೆ, ಶೇಣಿ ಕಡೆ ಇಂಥ ಸುರಂಗಗಳು ಬೇಕಾದಷ್ಟು.

ಗಡಿಯ ಆಚೆ ಕರ್ನಾಟಕದಲ್ಲಿ, ಅಡ್ಯನಡ್ಕದ ಹತ್ತಿರ ಕೇಪು ಗ್ರಾಮದಲ್ಲಿ ಅಮೈ ಮಹಾಲಿಂಗ ನಾಯ್ಕರು ಇದ್ದಾರೆ. ತೋಟದ ಕೂಲಿ ಕೆಲಸ ಮುಗಿಸಿ ಬಂದು, ತಮಗೆ ಸಿಕ್ಕಿದ್ದ ಸುಮಾರು 2 ಎಕರೆ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಲು ಕೊರೆದವುಗಳಲ್ಲಿ ನೀರೇ ಸಿಗಲಿಲ್ಲ. ಆದರೂ ಬಿಡಲಿಲ್ಲ. ಕೊನೆಗೆ ನೀರು ಬಂತು, ಅಡಿಕೆ ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಗುಡ್ಡವನ್ನೂ ಜನ ಮೊದಲು ನೋಡಿ “ಇಲ್ಲಿ ಎಂಥ ಉಂಟು?” ಅಂದಿರಬಹುದು, ಅಲ್ವಾ?

ಮೇಲೆ ಇದ್ದದ್ದು ಕೆಳಗೆ ಬಂದೇ ಬರುತ್ತದೆ ಅನ್ನುವುದನ್ನು ಪಡ್ರೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗುಡ್ಡಗಳ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ತೋಟ ಗುಡ್ಡದ ಮೇಲೆ, ಮನೆ, ತೋಡು, ಸುರಂಗ ಎಲ್ಲ ಕೆಳಗೆ. ಸುಪ್ರೀಂ ಕೋರ್ಟು ಅದನ್ನು ಇಡೀ ದೇಶದಲ್ಲಿ ನಿಷೇಧಿಸಿದ್ದು 2011ರಲ್ಲಿ. ಆ ಮನೆಗಳಲ್ಲಿ ನಡೆಯಲಾಗದ ಮಕ್ಕಳನ್ನು ಇವತ್ತಿಗೂ ಎತ್ತಿಕೊಂಡೇ ಓಡಾಡಿಸುವ ತಾಯಂದಿರು ಇದ್ದಾರೆ. ಇದರ ಬಗ್ಗೆ ನನಗೆ ಮೆಲ್ಲ ಮಾತಾಡಲು ಬರುವುದಿಲ್ಲ.

ಅದಕ್ಕೇ ‘ಎಂಥದೂ ಇಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಹೆದರಿಕೆ. ಎಂಥದೂ ಇಲ್ಲದ ಗುಡ್ಡಕ್ಕೆ ಜೆಸಿಬಿ ಬರುವುದು ಸುಲಭ. ಒಂದು ಕಡೆ ಕೆಂಪುಕಲ್ಲಿನ ಕೋರೆ, ಇನ್ನೊಂದು ಕಡೆ ರಸ್ತೆಗೆ, ಸೈಟಿಗೆ ಮಣ್ಣು. ಪಾರೆ ಕಿತ್ತು ಹೋದ ಮೇಲೆ ಮಳೆ ಅಲ್ಲೇ ಬೀಳುತ್ತದೆ, ಆದರೆ ನಿಲ್ಲುವುದಿಲ್ಲ. ಕೆಸರಾಗಿ ತೋಡಿಗೆ ಹೋಗುತ್ತದೆ. ಆಗ ಕೆಳಗಿನವರು ಬೋರ್ ಕೊರೆಸಬೇಕು, ಸಾಲ ಮಾಡಬೇಕು. ಮಳೆಗಾಲದಲ್ಲಿ ಪಾರೆಯ ಮೇಲೆ ಬರುವ ನೇರಳೆ ಬಣ್ಣದ ಸಣ್ಣ ಹೂವೂ ಹೋಗುತ್ತದೆ. ಮಲಯಾಳದವರು ಓಣಂ ಪೂಕಳಂಗೆ (ಹೂವಿನ ರಂಗೋಲಿಗೆ) ಇಡುವ ಕಾಕಪ್ಪೂ ಅದು. ಗಿಡ ಬೆರಳುದ್ದ ಇದ್ದರೂ ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಕುಕ್ಕರುಗಾಲಲ್ಲಿ ಕೂತು ನೋಡಬೇಕು, ನಿಂತವರಿಗೆ ಕಾಣುವುದಿಲ್ಲ.

ಇಷ್ಟು ಓದಿಯೂ ಬರಬೇಕು ಅನಿಸಿದವರು ಖಂಡಿತ ಬನ್ನಿ. ಬಂದ್ಯೋಡಿನಿಂದ ಧರ್ಮತ್ತಡ್ಕದ ದಾರಿ ಹಿಡಿಯಿರಿ. ಹೂ ನೋಡಬೇಕಾದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಯಾವುದಾದರೂ ಪಾರೆಗೆ ಕರೆದುಕೊಂಡು ಹೋಗುತ್ತೇನೆ. ಸಮುದ್ರ ನೋಡಬೇಕಾದರೆ ನವೆಂಬರ್ ನಂತರ. ಜಾರದ ಚಪ್ಪಲಿ ಹಾಕಿ. ಎರಡು ಗಂಟೆ ಜಾಸ್ತಿ ಇಟ್ಟುಕೊಂಡು ಬಂದರೆ ಇಳಿದ ಮೇಲೆ ದೊಡ್ಡಪ್ಪನ ಮನೆಗೂ ಹೋಗೋಣ, ಮೊದಲೇ ಫೋನ್ ಮಾಡಿ ಹೇಳಿರುತ್ತೇನೆ. ಕುಡಿಯುವ ನೀರಿನ ಬಾಟಲಿ ದಾರಿಯಲ್ಲಿ ಖಾಲಿಯಾದರೆ ಬಿಸಾಡಬೇಡಿ. ತುಂಬಿಸಿಕೊಳ್ಳಲು ಬೇಕಾಗುತ್ತದೆ.